ಎರಡಿಂಚು ಫೋಮು

ಹೊಸ ಗಾಡಿಗಳು ನನ್ನ ಹತ್ತಿರ ಬರುವುದು
ಮೊದಲ ಸರ್ವೀಸಿಗೂ ಮೊದಲು,
ಹ್ಯಾಂಡಲಿಗೆ ಕಟ್ಟಿದ ನಿಂಬೆಹಣ್ಣು ಇನ್ನೂ ಒಣಗದಿರುವಾಗ.
ಕೌಲ್ ಬಜಾರಿನ ಈ ಆರಡಿ ಅಂಗಡಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಸೀಟು ಹೊಲಿಯುತ್ತೇನೆ ನಾನು, ದಾದಾಪೀರ್.
ಜನರ ಮುಖ ಮರೆಯುತ್ತೇನೆ,
ಕೂತ ಗುಳಿ ಮರೆಯುವುದಿಲ್ಲ.

ಆಗಿನ ಸೀಟು ಹಲಗೆಯ ಹಾಗೆ ಉದ್ದಕ್ಕಿತ್ತು.
ಗಂಡ, ಹೆಂಡತಿ, ನಡುವೆ ಒಂದು ಕೂಸು,
ಟ್ಯಾಂಕಿನ ಮೇಲೊಂದು, ಸಾಲದ್ದಕ್ಕೆ ಕಡೆಗೆ
ಸೋನಾ ಮಸೂರಿಯ ಚೀಲ.
ಈಗಿನ ಗಾಡಿ ನಿಂತಲ್ಲೇ ಓಡುತ್ತದೆ.
ಹಿಂಬದಿ ಎದ್ದ ಚೇಳಿನ ಕೊಂಡಿ;
ಅದರ ತುದಿಗೆ ಅಂಗೈಯಷ್ಟು ಸೀಟು.
ಅಲ್ಲಿ ಕೂರಬೇಕಾದವರು ಯಾರೆಂದು
ಅದನ್ನು ಗೀಚಿದ ಪೆನ್ಸಿಲ್ಲಿಗೆ ಗೊತ್ತೇ ಇಲ್ಲ.

ಗಾದಿಲಿಂಗಪ್ಪ ತಂದದ್ದೂ ಅಂಥದ್ದೇ.
ಹೆಸರಲ್ಲಿ ಗಾದಿ ಐತಿ, ಗಾಡ್ಯಾಗ ಇಲ್ಲಲ್ಲೋ
ಎಂದೆ. ನಗಲಿಲ್ಲ ಅವನು.
ಮುನ್ನೂರೈವತ್ತು ಸಿಸಿ, ಮಿರುಗದ ಕಪ್ಪು,
ಮೂರು ವರ್ಷ ಫೋನಿನಲ್ಲಿ ನೋಡಿ ನೋಡಿ ಕೊಂಡದ್ದು.
ಏಪ್ರಿಲ್ಲಿನ ಬಳ್ಳಾರಿಯಲ್ಲಿ ಕಪ್ಪು ಟ್ಯಾಂಕು!
ತೊಡೆಗಳ ನಡುವೆ ರೊಟ್ಟಿಹಂಚು ಇಟ್ಟುಕೊಂಡು
ಸಂಡೂರಿಗೆ ಹೋಗಿಬಂದಿದ್ದ ಒಮ್ಮೆ, ಅದಿರಿನ ಲಾರಿಗಳ ಹಿಂದೆ.
ಮಡ್‌ಗಾರ್ಡು ಮೊಟಕು;
ನೀರು ಹೊಡೆದ ರಸ್ತೆಯ ಕೆಂಪು ರಾಡಿ
ಸೊಂಟದಿಂದ ಕುತ್ತಿಗೆಯ ತನಕ ಗೆರೆ ಎಳೆದಿತ್ತು.

ಸುಳ್ಳು ಯಾಕೆ, ಚೆಂದಿತ್ತು.
ಅಂಗಡಿ ಮುಂದೆ ನಿಲ್ಲಿಸಿದರೆ
ಮಿರ್ಚಿ ಕರಿಯುವ ಹುಡುಗ ಎಣ್ಣೆ ಮರೆತು ಬಂದ,
ಒಗ್ಗಾಣಿ ತಿನ್ನುತ್ತಿದ್ದವರು ತಟ್ಟೆ ಹಿಡಿದೇ ಎದ್ದು ಬಂದರು.
ಮೈಲೇಜು ಎಷ್ಟೆಂದು ಒಬ್ಬನೂ ಕೇಳಲಿಲ್ಲ.
ನಮ್ಮೂರಲ್ಲಿ ಅದೊಂದು ಪವಾಡ.

‘ಏನ್ ಮಾಡ್ಬೇಕು?’
‘ಏನಿಲ್ಲಣ್ಣ, ಹಿಂದ್ಲದು ಸ್ವಲ್ಪ... ಆಕಿ ಕೂಡಂಗ.
ಲುಕ್ಕು ಕೆಡಬಾರ್ದು.’
ಇಪ್ಪತ್ತೆರಡು ವರ್ಷದಲ್ಲಿ
ಲುಕ್ಕು ಕೆಡದಂತೆ ಯಾರನ್ನೂ ಕೂರಿಸಿಲ್ಲ ನಾನು.

ಆಕಿ, ಸುಂಕಮ್ಮ, ನೆರಳಿಗೆ ನಿಂತಿದ್ದಳು
ಊಟದ ಡಬ್ಬಿಯ ಚೀಲ ಹಿಡಿದು.
ಜೀನ್ಸ್ ಶೆಡ್ಡಿನಲ್ಲಿ ಜೇಬು ಹೊಲಿಯುವವಳು,
ದಿನಕ್ಕೆ ನಾಲ್ಕುನೂರು ಜೇಬು,
ಉಗುರಿನ ಅಂಚೆಲ್ಲ ನೀಲಿ.
ಅಳತೆಗೆ ಕೂರಿಸಿದೆ. ಹಿಡಿಕೆ ಇಲ್ಲ,
ಗಂಡನ ಅಂಗಿ ಮುಷ್ಟಿಯಲ್ಲಿ ಹಿಡಿದು
ಬಾವಿಗೆ ಬಗ್ಗಿ ನೋಡುವವಳ ಹಾಗೆ ಕೂತಳು.
‘ರೈಲ್ವೆ ಗೇಟ್ ತನಾ ಉಸಿರು ಹಿಡ್ಕಂಡೇ ಬಂದೆ.’
ಅಷ್ಟೇ. ದೂರು ಹೇಳಿದ ಹಾಗಿರಲಿಲ್ಲ.

ಕೊಂಡಿ ಕೊಯ್ದೆ. ಚೌಕಟ್ಟಿಗೆ ಪಟ್ಟಿ ಬೆಸೆಸಿದೆ.
ಎರಡಿಂಚು ಫೋಮು ಹೆಚ್ಚು, ನಾಲ್ಕು ಬೆರಳು ಅಗಲ.
ಹಿಡಿಕೆ, ಸ್ಯಾರಿ ಗಾರ್ಡು, ಕಾಲಿಡಲು ತಗಡು.
ಒಂದೊಂದು ನಟ್ಟು ತಿರುಗಿದಾಗಲೂ
ಗಾದಿಲಿಂಗಪ್ಪ ಮುಖ ತಿರುಗಿಸಿದ,
ಮಗುವಿಗೆ ಸೂಜಿ ಚುಚ್ಚುವಾಗ ಅಪ್ಪ ನಿಲ್ಲುವ ಹಾಗೆ.

ರೆಗ್ಸಿನ್ ಹೊದಿಸುವಾಗ ಆಕಿ ಹತ್ತಿರ ಬಂದಳು.
ಬೆರಳಿಟ್ಟು ಎಣಿಸಿದಳು, ಇಂಚಿಗೆ ಎಷ್ಟು ಹೊಲಿಗೆ ಎಂದು.
‘ಕರಿ ದಾರ ಯಾಕ? ಕಿತ್ತಳಿ ದಾರ ಹಾಕ್ರಿ, ಜೋಡಿ ಹೊಲಿಗಿ.
ಪ್ಯಾಂಟಿಗೆ ಹಾಕ್ತೀವಲ್ಲ, ಹಂಗ.’
‘ಅದರಿಂದ ಸೀಟಿಗೇನೂ ಲಾಭ ಇಲ್ಲಮ್ಮ.
ಒಂದು ವಾರಕ್ಕೆ ಮಣ್ಣಾಗ್ತೈತಿ.’
‘ಲಾಭ ಕೇಳಿದ್ನಾ?’
ಡಬ್ಬಿಯ ಚೀಲದಿಂದ ರೀಲು ತೆಗೆದಿಟ್ಟಳು,
ಮನೆಯಿಂದಲೇ ತಂದಿದ್ದಳು.

ನನ್ನ ಮಿಷನ್ನಿಗೆ ಆ ದಪ್ಪ ದಾರ ಒಗ್ಗದೆ
ಎರಡು ಸೂಜಿ ಮುರಿದವು.
ಮೂರನೆಯದಕ್ಕೆ ಬಗ್ಗಿತು.

ಮೊನ್ನೆ ಮೋತಿ ಸರ್ಕಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಿದ್ದೆ.
ಮುಂದೆ ಅದೇ ಗಾಡಿ. ಟ್ಯಾಂಕಿಗೆ ಒದ್ದೆ ಟವೆಲ್ಲು!
ಹಿಂದೆ ಸುಂಕಮ್ಮ, ಒಂದು ಕೈಯಲ್ಲಿ ಡಬ್ಬಿ,
ಇನ್ನೊಂದು ಕೈ ಸುಮ್ಮನೆ ತೊಡೆಯ ಮೇಲೆ,
ಏನನ್ನೂ ಹಿಡಿಯದೆ.
ನಾನು ಹುಡುಕಿದ್ದು ದಾರ. ಕಾಣಲಿಲ್ಲ.
ಅದರ ಮೇಲೇ ಕೂತಿದ್ದಳು.