ಕಿವಿ

ಚಿಂತಾಮಣಿಯ ಮುನಿಶಾಮಣ್ಣ, ಮೋಟರು ರಿಪೇರಿಯವನು,
ಪೈಪು ಎತ್ತಿದ ಕೊಳವೆಗೆ ಕಲ್ಲು ಬಿಟ್ಟು
ಮೊಣಕಾಲೂರಿ ಕಿವಿ ಕೊಡುತ್ತಾನೆ,
ಬೆರಳು ಮಡಚುತ್ತಾ.
ನೀರಿದ್ದರೆ ಗುಳುಂ. ಇಲ್ಲದಿದ್ದರೆ ಟಣ್.

"ಹಡಗಿನಾಗೆ ನಿಂದೇನೋ ಕೆಲಸ?"
ಗ್ರೀಸು ಕೈಯಲ್ಲೇ ಬೀಡಿ ಹಚ್ಚಿದ.

ಇದೇ, ಮಾವ.
ರೆಕ್ಕೆ ಮಡಚಿ, ಬಾಲ ಮಡಚಿ ಕೂತಿರುತ್ತೆ ಹೆಲಿಕಾಪ್ಟರು,
ನಿನ್ನ ಶೆಡ್ಡಿನಷ್ಟೇ ಜಾಗದಲ್ಲಿ.
ಡೆಕ್ಕು ಹೊಯ್ದಾಡುವಾಗಲೇ ಬಿಚ್ಚಿಕೊಂಡು ಏಳಬೇಕು.
ಆಮೇಲೆ ಅಲೆಗಳ ಮೇಲೆ ಹತ್ತಾಳೆತ್ತರದಲ್ಲಿ
ನಿಂತಲ್ಲೇ ನಿಂತು
ಕೇಬಲ್ಲಿಗೊಂದು ಕಿವಿ ಕಟ್ಟಿ ಇಳಿಸುತ್ತೇವೆ.
ಅದು ಒಂದು ಸದ್ದು ಬಿಡುತ್ತೆ.
ಹೆಡ್‌ಫೋನು ಒತ್ತಿಕೊಂಡು ನಾನು ಕಾಯುತ್ತೇನೆ.
ಸದ್ದು ವಾಪಸು ಬಂದರೆ
ಕೆಳಗೆ ಯಾರೋ ಇದ್ದಾರೆ, ಉಸಿರು ಹಿಡಿದು.

"ಇದ್ರೆ?"

ಪಕ್ಕೆಯಲ್ಲಿ ಎರಡು ಟಾರ್ಪೆಡೋ ತೂಗುತ್ತಿರುತ್ತವೆ ಅಂದೆ.
ಬೀಡಿ ತಾನಾಗಿ ಆರಿತ್ತು, ಅವನು ನೋಡಲಿಲ್ಲ.

"ನಾನು ಸದ್ದು ಬರ್ಲಪ್ಪಾ ಅಂತೀನಿ.
ನೀನು?"

ಎಂಟು ವರ್ಷದಲ್ಲಿ ಬಂದದ್ದು ತಿಮಿಂಗಿಲ,
ಮೀನಿನ ಹಿಂಡು, ಒಮ್ಮೆ ಮುಳುಗಿದ ಹಳೇ ದೋಣಿ.
ಪ್ರತಿಸಲವೂ ಅಂಗೈ ಬೆವರಿತ್ತು.
ಅದನ್ನು ಹೇಳಲಿಲ್ಲ.

ಅವನು ಕಲ್ಲೊಂದನ್ನು ನನ್ನ ಕೈಗಿಟ್ಟ.
ಬಿಟ್ಟೆ.
ಒಂಬತ್ತು. ಹತ್ತು.
ಇಬ್ಬರ ತಲೆಯೂ ಒಂದೇ ಕೊಳವೆಯ ಬಾಯಿಗೆ.
ಹನ್ನೊಂದು