ಮುಟ್ಟಲ್ಲದ್ದು

ಕುದುರೆಯ ಬೆನ್ನಿಂದ ಇಳಿಸಿದರು ಅವಳನ್ನು,
ಆಗಸ್ಟಿನ ಹಿಮ ಕಣಿವೆಯ ದಾರಿ ನುಂಗಿದ್ದ ಬೆಳಗ್ಗೆ.
ಲೆಸೊಥೊದ ಬೆಟ್ಟದ ನೆತ್ತಿ, ಎರಡು ಕೋಣೆಯ ಕ್ಲಿನಿಕ್ಕು,
ನಾನೊಬ್ಬಳೇ ನರ್ಸು.
ತಡಿಯ ಮೇಲಿನ ಕಂಬಳಿ ತೊಯ್ದಿತ್ತು,
ಬಂಡೆಸಂದಿಯ ಲೋಳೆಸರದ ಹೂವಿನಷ್ಟು ಕೆಂಪು.

ಹೆಸರು ಮಾದಿಂಫೊ.
ಮದುವೆಯ ದಿನ ಅತ್ತೆ ಇಟ್ಟದ್ದು: ದಿಂಫೊಳ ತಾಯಿ.
ದಿಂಫೊ ಇನ್ನೂ ಹುಟ್ಟಿಲ್ಲ. ಎಂಟು ತಿಂಗಳು.
ಕೂಸಿಗಿಂತ ಹೆಸರು ಮೊದಲು ಬರುವ ಸೀಮೆ ನಮ್ಮದು.

ನೋವಿದೆಯಾ? ಇಲ್ಲ.
ಬಿದ್ದೆಯಾ? ಇಲ್ಲ.
ನಿದ್ದೆಯಲ್ಲಿ ತೊಡೆ ಬೆಚ್ಚಗಾಯಿತು, ಕನಸೆಂದುಕೊಂಡೆ.
ಎಷ್ಟು ಬಟ್ಟೆ?
ಅತ್ತೆ ಮಾಖೋತ್ಸೊ ಬೆರಳು ಮಡಿಸುತ್ತಾಳೆ:
ಒಂದು ಲಂಗ, ಎರಡು ಟವೆಲು, ಆಮೇಲೆ ಈ ಕಂಬಳಿ.
ಮೊದಲು ಯಾವಾಗಾದರೂ?
ಹದಿನೈದು ದಿನದ ಹಿಂದೆ ಒಂದು ಚೂರು. ತಾನೇ ನಿಂತಿತು.
ನೋಯದ್ದನ್ನು ಯಾರಿಗೆ, ಏನೆಂದು ಹೇಳಲಿ?

ಹೊಟ್ಟೆಯ ಮೇಲೆ ಅಂಗೈ ಇಡುತ್ತೇನೆ.
ಮೆತ್ತಗಿದೆ. ಹಲಗೆಯಂತೆ ಬಿಗಿದಿಲ್ಲ.
ಮಾಸು ಕಿತ್ತ ಹೊಟ್ಟೆ ಗೊತ್ತು ನನಗೆ, ಸೋಕಿದರೆ ಚೀರುತ್ತದೆ.
ಇದು ಸುಮ್ಮನಿದೆ.
ಕೂಸಿನ ತಲೆ ಮೇಲೇ ತೇಲುತ್ತಿದೆ,
ಕೆಳಗೆ ಏನೋ ಎಡೆ ಕೊಡುತ್ತಿಲ್ಲ.
ಮರದ ಕೊಳವೆಗೆ ಕಿವಿ ಹಚ್ಚಿದೆ: ನೂರ ನಲವತ್ತೆಂಟು.
ಮತ್ತೆ ಎಣಿಸಿದೆ. ನೂರ ನಲವತ್ತೆಂಟು.

ಒಳಗೆ ಕೈ ಹಾಕಿ ನೋಡುವುದಿಲ್ಲವೇ, ಅಂದಳು ಅತ್ತೆ.
ನಾಲ್ಕು ತಾಸು ಹಿಮ ತುಳಿದು ಬಂದದ್ದು
ಹೊಟ್ಟೆ ಸವರಿಸಿಕೊಳ್ಳುವುದಕ್ಕೇ?

ಇಪ್ಪತ್ತೊಂದು ವರ್ಷದಲ್ಲಿ ಈ ಎರಡು ಬೆರಳು
ಅದೆಷ್ಟು ಕತ್ತಲೆಯಲ್ಲಿ ದಾರಿ ಅಳೆದಿವೆ.
ಒಮ್ಮೆ, ಕಲಿಯುವ ಕಾಲದಲ್ಲಿ, ಅಳೆಯಬಾರದ ಕಡೆ ಅಳೆದವು.
ಮಾಸು ಹೊಸ್ತಿಲಲ್ಲೇ ಅಡ್ಡ ಮಲಗಿತ್ತು.
ಬಕೆಟ್ಟು ತಂದ ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು.
ಆ ಹೆಂಗಸಿನ ಹೆಸರು ಇಲ್ಲಿ ಹೇಳುವುದಿಲ್ಲ.

ಇದು ಮುಟ್ಟಲ್ಲ, ತಾಯಿ. ಮುಟ್ಟಬಾರದ್ದು.
ಒಳಗೆ ನೋಡುವ ಯಂತ್ರ ಕೆಳಗಿನ ಆಸ್ಪತ್ರೆಯಲ್ಲಿದೆ.
ಅದು ನೋಡುವ ತನಕ
ನನ್ನ ಬೆರಳು ಕುರುಡಾಗಿಯೇ ಇರಬೇಕು.

ಎರಡೂ ಕೈಗೆ ಸೂಜಿ. ಎರಡು ಬಾಟಲಿ.
ರಕ್ತದ ಗುಂಪು ಬರೆದು ಮಣಿಕಟ್ಟಿಗೆ ಅಂಟಿಸಿದೆ.
ರೇಡಿಯೊ ಕರಕರ ಅಂದಿತು: ಮೋಡ ಸರಿದರೆ ವಿಮಾನ.
ಸರಿಯದಿದ್ದರೆ ಜೀಪು, ಚಕ್ರಕ್ಕೆ ಸರಪಳಿ, ಸಂಜೆಯ ಹೊತ್ತಿಗೆ.

ಕಂಬಳಿ ತೊಳೆಯಲು ಕೂತೆ, ತಣ್ಣೀರಲ್ಲಿ.
ಬಿಸಿನೀರಿಗೆ ನೆತ್ತರು ಕಚ್ಚಿಕೊಳ್ಳುತ್ತದೆ.
ಮಾಖೋತ್ಸೊ ಬಂದಳು. ಸಿಟ್ಟು ಇಳಿದಿರಲಿಲ್ಲ.
ಇನ್ನೊಂದು ತುದಿ ಹಿಡಿದು ಹಿಂಡಿದಳು.
ಒಳಗಿಂದ ಸೊಸೆ ಕೂಗಿದಳು: ಒದೀತಾ ಇದೆ.

ಎದ್ದು ಹೋಗಿ ಬಟ್ಟೆ ನೋಡಿದೆ,
ಗಡಿಯಾರ ನೋಡಿದೆ, ಬರೆದುಕೊಂಡೆ.
ಹೊರಗೆ ಬಂದು ಮೋಡ ನೋಡಿದೆ.