ಅಳತೆ ಪುಸ್ತಕ

ಮೊಗ್ರಾಲ್ ಹೊಳೆ ಉಪ್ಪಾಗುವ ತಿರುವಿನಲ್ಲಿ
ಈ ಹಳೆಯ ಮದ್ರಸ. ಕೆಡವುವ ಮೊದಲು ನಕ್ಷೆ ಬೇಕಂತೆ.
ಟೇಪಿನ ಒಂದು ತುದಿ ನನ್ನ ಕೈಯಲ್ಲಿ,
ಇನ್ನೊಂದು ಪೊಕ್ಕರ್ ಮುಕ್ರಿಯವರ ಹೆಬ್ಬೆರಳಡಿ.

ಬಾಗಿಲು: ಎತ್ತರ ನಾಲ್ಕು ಅಡಿ ಏಳು ಇಂಚು.
"ತಲೆ ಬಾಗಲಿ ಅಂತಲೇ ಅಲ್ಲವೇ?"
ಕಾಲೇಜಿನಲ್ಲಿ ನಮಗೆ ಹಾಗೆಯೇ ಕಲಿಸಿದ್ದು.
ಮುಕ್ರಿ ನಕ್ಕರು, ಹೊಸ್ತಿಲಿನಷ್ಟೇ ಸವೆದ ನಗು.
"ಅಂದುಞ್ಞಿಯ ದೋಣಿ ಒಡೆದ ವರ್ಷ ಕಟ್ಟಿದ್ದು, ಮಗಳೇ.
ಹಲಗೆ ಸಿಕ್ಕಿದ್ದು ಅಷ್ಟೇ ಉದ್ದ.
ಬಗ್ಗಿ ಬಗ್ಗಿ ವಿನಯ ಆಮೇಲೆ ತಾನಾಗಿ ಬಂತು."

ಬರೆದುಕೊಂಡೆ: ಹೆಬ್ಬಲಸು. ಉಪ್ಪು ಕುಡಿದ ಮರ. ಗೆದ್ದಲಿಲ್ಲ.

ಕಂಬ ಏಳು. ಒಂದರ ಹಾಗೆ ಇನ್ನೊಂದಿಲ್ಲ.
ಮಿಲ್ಲಿನವರದು ತೇಗ, ಮೈತುಂಬ ಹೂಬಳ್ಳಿ.
ಬೀಡಿ ಕಟ್ಟುವವರು ಕೂಡಿ ಕೊಟ್ಟದ್ದು ಕಿರಾಲುಬೋಗಿ.
ಮೂಲೆಯದು ಬರೀ ತೆಂಗು. ಮರಿಯುಮ್ಮ,
ಮೀನು ಮಾರುತ್ತಿದ್ದವಳು,
ಅವಳ ಹಿತ್ತಲಲ್ಲಿದ್ದದ್ದು ಅದೊಂದೇ ಮರ.
ಹೆಸರು ಎಲ್ಲೂ ಕೆತ್ತಿಲ್ಲ.
ತೊಲೆ ಏಳರ ಮೇಲೂ ಒಂದೇ ಭಾರ ಹಾಕಿ ಕೂತಿದೆ.
ಆದರೂ ಬೆಳಿಗ್ಗೆ ಮಕ್ಕಳ ಜಗಳ:
"ಮರಿಯುಮ್ಮನ ಹತ್ತಿರ ನನ್ನ ಜಾಗ!"

ಕಿಟಕಿ: ನೆಲದಿಂದ ಒಂದೂವರೆ ಅಡಿ.
ತಪ್ಪಿದೆನೇ ಎಂದು ಇನ್ನೊಮ್ಮೆ ಅಳೆದೆ.
ಒಂದೂವರೆಯೇ.
ಚಾಪೆಯ ಮೇಲೆ ಕೂತ ಕಣ್ಣಿಗೆ ಹೊಳೆ, ದೋಣಿ, ಕೊಕ್ಕರೆ.
ಬೆತ್ತ ಹಿಡಿದು ನಿಂತವರಿಗೆ ಗೋಡೆ.

ಕಟ್ಟಿದವನು ಐತಪ್ಪ ಮೇಸ್ತ್ರಿ. ಓದು ಬಾರದವ.
ಮುರಕಲ್ಲಿನ ಸಾಲಿಗೆ ಅವನು ಬಿಟ್ಟ ತೂಗುಗುಂಡಿನ ದಾರ ತೋರಿಸಿ
ಚೇಕು ಉಸ್ತಾದರು ಮಕ್ಕಳಿಗೆ ಹೇಳಿದರಂತೆ:
"ನೋಡಿ, ಇದು ಅಲಿಫ್."
ಅಡ್ಡತೊಲೆ, ಅದರಡಿ ಒಂದೇ ಮೊಳೆ: ಬಾ.
ಗೋಡೆ ಆಳೆತ್ತರ ಏರುವಾಗ
ಅರ್ಧ ಅಕ್ಷರಮಾಲೆ ಮುಗಿದಿತ್ತು,
ಮೇಸ್ತ್ರಿಗೂ.

ಒಳಗೋಡೆಯಲ್ಲಿ ಗೂಡು ಹತ್ತೊಂಬತ್ತು.
"ದೀಪಕ್ಕೆ ಇಷ್ಟೊಂದೇ?"
"ಬುತ್ತಿಗೆ. ದೂರದ ಊರಿನಿಂದ ಬಂದ ಹುಡುಗರಿಗೆ
ಹತ್ತೊಂಬತ್ತು ಮನೆಯ ರಾತ್ರಿಯೂಟ.
ಯಾವ ಗೂಡು ಯಾವ ಮನೆಯದ್ದು, ಹೇಳುವ ಹಾಗಿಲ್ಲ.
ಋಣ ಮುಖ ನೋಡಬಾರದಲ್ಲ."
ಸ್ವಲ್ಪ ತಡೆದು,
"ಬೀಫಾತುಮನ ಬಂಗುಡೆ ಸಾರು ಮಾತ್ರ
ಕತ್ತಲಲ್ಲೂ ಗೊತ್ತಾಗುತ್ತಿತ್ತು."

ಅವರೂ ಆ ಹತ್ತೊಂಬತ್ತರಲ್ಲಿ ಒಬ್ಬರೆಂದು
ಆಗ ತಿಳಿಯಿತು.

ಹೊರಗೆ ದಾರಿಯ ಅಂಚಿನಲ್ಲಿ ಎದೆಮಟ್ಟದ ಕಲ್ಲು.
ಕಟ್ಟಡದ್ದೋ ರಸ್ತೆಯದ್ದೋ, ಯಾವ ಪುಟಕ್ಕೆ ಸೇರಿಸಲಿ?
"ಹೊರೆ ಇಳಿಸಲಿಕ್ಕೆ."
"ಯಾರದ್ದು?"
"ತಲೆ ಇರುವವರದ್ದು."

ಹೌಳಿನಾಚೆ ಬಿಂಬುಳಿ ಮರ.
ಮರದ ಹಲಗೆಯಲ್ಲಿ ಬರೆದು ಓದಿದ ಪಾಠ ತೊಳೆದಾಗ
ಯಾರೂ ತುಳಿಯಬಾರದೆಂದು ಆ ನೀರು ಅದರ ಬುಡಕ್ಕೆ.
ಎಷ್ಟು ವರ್ಷ ಎಷ್ಟು ಅಕ್ಷರ ಕುಡಿಯಿತೋ.
ಒಂದು ಕಾಯಿ ಕಿತ್ತು ಕಚ್ಚಿದೆ, ಕಣ್ಣು ಮುಚ್ಚಿತು.
"ಮತ್ತೆ ಇಷ್ಟು ಹುಳಿ ಯಾಕೆ?"
"ಓದು ಸಿಹಿ ಅಂತ ನಿನಗೆ ಯಾರು ಹೇಳಿದ್ದು?"

ಹೊಸ ನಕ್ಷೆ ನನ್ನ ಚೀಲದಲ್ಲೇ ಇದೆ.
ಮೂರು ಮಹಡಿ, ಏಳಡಿ ಬಾಗಿಲು,
ಫ್ಯಾನಿನ ಕೊಕ್ಕೆ ಸಮೇತ ಹನ್ನೆರಡು ಕೋಣೆ.
ಮಕ್ಕಳು ಹೆಚ್ಚಿದ್ದಾರೆ, ಮಾಡು ಸೋರುತ್ತದೆ,
ಬೇಡ ಎನ್ನಲು ನಾನು ಯಾರು?
ಮುಕ್ರಿಯವರೂ ಬೇಡ ಎನ್ನಲಿಲ್ಲ. ಕೇಳಿದ್ದು ಒಂದೇ:
"ಗೂಡು ಎಲ್ಲಿ?"

ಷರಾ ಕಾಲಂ ಮುಂದೆ ಪೆನ್ನು ಬಹಳ ಹೊತ್ತು ನಿಂತಿತು.

ಅದೇ ಯೋಚನೆಯಲ್ಲಿ ಹೊರಟೆ, ಬಗ್ಗುವುದನ್ನು ಮರೆತೆ.
ಹಣೆಗೆ ಠಣ್ಣನೆ
ಅಂದುಞ್ಞಿಯ ದೋಣಿ ಬಡಿಯಿತು.
ಮುಕ್ರಿ ಹೌಳಿನ ತಣ್ಣೀರು ತಂದರು, ತೆಂಗಿನ ಚಿಪ್ಪಿನಲ್ಲಿ.
ಚಿಪ್ಪಿನ ಅಳತೆ ತೆಗೆಯಲಿಲ್ಲ.